ಪದಚರ್ಚೆ: ಪ್ರೊಸೆಸರ್ ‘ಆರ್ಕಿಟೆಕ್ಚರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. 1980ರ ದಶಕದ ನಡುವಿನಿಂದ ಸುಮಾರು ಇಪ್ಪತ್ತು ವರ್ಷ ವರ್ಕ್‌ಸ್ಟೇಷನ್ (ಎಂಜಿನಿಯರುಗಳು, ವಿಜ್ಞಾನಿಗಳು ಬಳಸುವ ಶಕ್ತಿಶಾಲಿ ಕಂಪ್ಯೂಟರ್) ಮಾರುಕಟ್ಟೆಯಲ್ಲಿ ನಡೆದ ಪೈಪೋಟಿಯ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ಸ್ಪಾರ್ಕ್, ಮಿಪ್ಸ್, ಪಿಎ-ರಿಸ್ಕ್, ಪವರ್, ಆಲ್ಫಾ, ಎಕ್ಸ್86 ಇವೆಲ್ಲ ಅಲ್ಲಿ ಎದುರುಬದುರಾದವು. ಇವನ್ನು ಇಲ್ಲಿ ಕಂಪನಿಗಳ ಹೆಸರಾಗಿ ಹೇಳುತ್ತಿಲ್ಲ, ಯಾವುದೋ ಒಂದು ಚಿಪ್ಪಿನ ಹೆಸರಾಗಿಯೂ ಅಲ್ಲ. ಇಂಗ್ಲಿಷಿನಲ್ಲಿ ಇವನ್ನು ಆರ್ಕಿಟೆಕ್ಚರ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಕನ್ನಡದ ಬರಹಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ವಾಸ್ತುಶಿಲ್ಪ, ರಚನೆ, ಸಂರಚನೆ, ವಿನ್ಯಾಸ. ವಾಸ್ತುಶಿಲ್ಪವನ್ನು ಇಲ್ಲೇ ಬಿಡೋಣ, ಅದು ಬೇಲೂರಿಗೆ ಸಲ್ಲುವ ಮಾತು. ಉಳಿದ ಮೂರೂ ಒಳ್ಳೆಯ ಪದಗಳೇ. ಆದರೆ ಮೂರೂ ಒಂದು ವಸ್ತುವಿನ ಒಳಗು ಹೇಗೆ ಕಟ್ಟಿದೆ ಅನ್ನೋದನ್ನ ಹೇಳುತ್ತವೆ. ಪ್ರೊಸೆಸರ್ ವಿಷಯದಲ್ಲಿ ಆರ್ಕಿಟೆಕ್ಚರ್ ಅಂದರೆ ಹೆಚ್ಚುಕಡಿಮೆ ಅದರ ಉಲ್ಟಾ. ಒಳಗೆ ಹೇಗೆ ಕಟ್ಟಿದ್ದಾರೆ ಅನ್ನೋದನ್ನ ಬಿಟ್ಟು, ಹೊರಗಿನ ಪ್ರೋಗ್ರಾಮಿಗೆ ಏನು ಕಾಣಿಸುತ್ತದೆ ಅನ್ನೋದಷ್ಟೇ ಅಲ್ಲಿ ಮುಖ್ಯ.

ಈ ಅರ್ಥ ಇವತ್ತಿನದಲ್ಲ. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಸರಣಿಯನ್ನು ಹೊರತಂದಾಗ ಜೀನ್ ಆಮ್ಡಾಲ್, ಗೆರಿಟ್ ಬ್ಲಾವ್, ಫ್ರೆಡ್ ಬ್ರೂಕ್ಸ್ ಮೂವರೂ ಸೇರಿ ಒಂದು ಪ್ರಬಂಧ ಬರೆದರು. ಪ್ರೋಗ್ರಾಂ ಬರೆಯುವವನಿಗೆ ಯಂತ್ರ ಹೇಗೆ ಕಾಣುತ್ತದೋ ಅದೇ ಆರ್ಕಿಟೆಕ್ಚರ್, ಒಳಗಿನ ಸರ್ಕ್ಯೂಟು ಮತ್ತು ದತ್ತಾಂಶ ಹರಿಯುವ ದಾರಿ ಬೇರೆ ವಿಷಯ ಎಂದು ಅವರು ಗೆರೆ ಎಳೆದರು. ಹಾಗೆ ಗೆರೆ ಎಳೆಯಲು ಕಾರಣ ಇತ್ತು. ಆ ಸರಣಿಯಲ್ಲಿ ಅಗ್ಗದ ನಿಧಾನದ ಯಂತ್ರವೂ ಇತ್ತು, ದುಬಾರಿಯ ವೇಗದ ಯಂತ್ರವೂ ಇತ್ತು. ಒಳಗು ಪೂರ್ತಿ ಬೇರೆ. ಆದರೆ ಒಂದರಲ್ಲಿ ಓಡುವ ಪ್ರೋಗ್ರಾಂ ಇನ್ನೊಂದರಲ್ಲೂ ಓಡಬೇಕಿತ್ತು. ಎಲ್ಲದರಲ್ಲೂ ಒಂದೇ ಆಗಿ ಉಳಿಯುವುದಕ್ಕೆ ಒಂದು ಹೆಸರು ಬೇಕಾಯಿತು.

ಹಾಗಾಗಿ ನನಗೆ ಹೊಳೆದ ಪದ ಕಟ್ಟಳೆ. ‘ಕಟ್ಟುಕಟ್ಟಳೆ’, ‘ಊರಿನ ಕಟ್ಟಳೆ’ ಅಂತ ನಾವು ದಿನಾ ಆಡುವ ಮಾತು. ಎಲ್ಲರೂ ಒಪ್ಪಿ ನಡೆಯುವ ನೇಮ ಎಂಬ ಅರ್ಥ. ಜೊತೆಗೆ ಕಿವಿಗೆ ‘ಕಟ್ಟು’ ಕೂಡ ಕೇಳಿಸುತ್ತದೆ, ಆರ್ಕಿಟೆಕ್ಚರ್ ಅನ್ನೋ ಪದದ ಕಟ್ಟಡದ ನೆನಪು ಪೂರ್ತಿ ಹೋಗುವುದಿಲ್ಲ. ಒಳಗಿನ ಕಟ್ಟೋಣಕ್ಕೆ, ಅಂದರೆ ಮೈಕ್ರೋಆರ್ಕಿಟೆಕ್ಚರ್ ಅನ್ನೋದಕ್ಕೆ, ಒಳವಿನ್ಯಾಸ ಅನ್ನಬಹುದು ಅನಿಸುತ್ತದೆ. ಹಾಗಾದರೆ ಸ್ಪಾರ್ಕ್ ಒಂದು ಕಟ್ಟಳೆ, ಸೂಪರ್‌ಸ್ಪಾರ್ಕ್ ಆ ಕಟ್ಟಳೆಗೆ ಮಾಡಿದ ಒಂದು ಚಿಪ್ಪು, ಆ ಚಿಪ್ಪಿಗೆ ಅದರದೇ ಒಳವಿನ್ಯಾಸ.

ಪದ ಚೆನ್ನಾಗಿ ಕೇಳಿಸುತ್ತದೆ ಎಂದು ಸುಮ್ನೆ ಒಪ್ಪಿಕೊಳ್ಳಬೇಡಿ. ನಿಜವಾದ ಕಥೆಯ ಮೇಲೆ ಇಟ್ಟು ನೋಡೋಣ. ವರ್ಕ್‌ಸ್ಟೇಷನ್ ಪೈಪೋಟಿ ಇದಕ್ಕೆ ಒಳ್ಳೆ ಒರೆಗಲ್ಲು, ಯಾಕೆಂದರೆ ಅಲ್ಲಿ ಗೆದ್ದದ್ದು ಯಾವುದು ಸೋತದ್ದು ಯಾವುದು ಎಂದು ಹೇಳಬೇಕಾದರೆ ಈ ಎರಡು ಅರ್ಥಗಳನ್ನು ಬೇರೆ ಮಾಡಲೇಬೇಕು.

ಶುರುವಿನಲ್ಲಿ ಕಟ್ಟಳೆಗಳ ಜಗಳವೇ ಇರಲಿಲ್ಲ. 1981ರಲ್ಲಿ ಅಪೊಲೊ ಕಂಪನಿ ತನ್ನ ಮೊದಲ ವರ್ಕ್‌ಸ್ಟೇಷನ್ ತಂದಿತು, ಅದರಲ್ಲಿ ಮೊಟೊರೊಲಾ 68000 ಪ್ರೊಸೆಸರ್ ಇತ್ತು. 1982ರಲ್ಲಿ ಶುರುವಾದ ಸನ್ ಮೈಕ್ರೋಸಿಸ್ಟಮ್ಸ್ ಯಂತ್ರದಲ್ಲೂ ಅದೇ. ಸಿಲಿಕಾನ್ ಗ್ರಾಫಿಕ್ಸ್‌ನವರ ಐರಿಸ್‌ನಲ್ಲೂ ಅದೇ, ಎಚ್‌ಪಿ 9000ದ ಆಗಿನ ಹಲವು ಮಾದರಿಗಳಲ್ಲೂ ಅದೇ ಕುಟುಂಬದ ಚಿಪ್ಪು. ಡಿಇಸಿ (ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್) ಮಾತ್ರ ತನ್ನದೇ ವ್ಯಾಕ್ಸ್ ಕಟ್ಟಳೆ ಇಟ್ಟುಕೊಂಡಿತ್ತು. ಅಂದರೆ ಪೈಪೋಟಿ ಕಂಪನಿಗಳದ್ದು. ಪ್ರೊಸೆಸರ್ ಬಹುಪಾಲು ಒಂದೇ ಅಂಗಡಿಯಿಂದ ಬರುತ್ತಿತ್ತು.

ಬದಲಾದದ್ದು 1986ರಿಂದ ಈಚೆಗೆ. ಅದರ ಬೇರು 1970ರ ದಶಕದ ನಡುವಿನಲ್ಲಿ ಐಬಿಎಂನ 801 ಯೋಜನೆಯಲ್ಲಿದೆ. ಜಾನ್ ಕಾಕ್ ಮತ್ತು ಜೊತೆಗಾರರು ನೋಡಿದ್ದು ಇದು: ಪ್ರೊಸೆಸರ್‌ಗೆ ನೂರಾರು ಜಟಿಲ ಆದೇಶ (ಇನ್‌ಸ್ಟ್ರಕ್ಷನ್) ಕಲಿಸಿದರೂ ಕಂಪೈಲರ್‌ಗಳು (ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ತಿರುಗಿಸುವ ಸಾಫ್ಟ್‌ವೇರ್) ಬಳಸುವುದು ಸರಳವಾದ ಕೆಲವನ್ನೇ. ಹಾಗಾದರೆ ಆ ಸರಳ ಆದೇಶಗಳನ್ನೇ ಬೇಗ ಓಡಿಸೋಣ, ಉಳಿದ ಕೆಲಸ ಕಂಪೈಲರ್‌ಗೆ ಬಿಡೋಣ. 1980ರ ಹೊತ್ತಿಗೆ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, 1981ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಹೆನೆಸಿ ಇದೇ ದಾರಿ ಹಿಡಿದರು, ಅದಕ್ಕೆ ರಿಸ್ಕ್ ಎಂಬ ಹೆಸರು ಬಂತು. ಬರ್ಕ್ಲಿಯದು ಸನ್ ಕಂಪನಿಯ ಸ್ಪಾರ್ಕ್‌ಗೆ ದಾರಿಯಾಯಿತು, ಸ್ಟ್ಯಾನ್‌ಫರ್ಡ್‌ನದು ಮಿಪ್ಸ್ ಕಂಪನಿಯಾಯಿತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೊರಟರು. 1986ರಲ್ಲಿ ಎಚ್‌ಪಿಯ ಪಿಎ-ರಿಸ್ಕ್, ಅದೇ ವರ್ಷ ಐಬಿಎಂನ ಆರ್‌ಟಿ ಪಿಸಿ. 1987ರಲ್ಲಿ ಸ್ಪಾರ್ಕ್ ಇಟ್ಟ ಸನ್-4. 1988ರಲ್ಲಿ ಮೊಟೊರೊಲಾದ 88000. 1990ರಲ್ಲಿ ಐಬಿಎಂ ಆರ್‌ಎಸ್/6000, ಅದರಲ್ಲಿ ಪವರ್. 1992ರಲ್ಲಿ ಡಿಇಸಿಯ ಆಲ್ಫಾ, ಅದು ಮೊದಲ ದಿನದಿಂದಲೇ 64 ಬಿಟ್.

ಇಲ್ಲಿ ಗಮನಿಸಿ: ಡಿಇಸಿ 1989ರ ಜನವರಿಯಲ್ಲಿ ಡಿಇಸಿಸ್ಟೇಷನ್ 3100 ತಂದಾಗ ಅದರೊಳಗೆ ಇದ್ದದ್ದು ಮಿಪ್ಸ್ ಆರ್2000. ತನ್ನದೇ ವ್ಯಾಕ್ಸ್ ಮಾರುತ್ತಿದ್ದ ಕಂಪನಿ ಬೇರೆಯವರ ಪ್ರೊಸೆಸರ್ ಇಟ್ಟು ಇನ್ನೊಂದು ಯಂತ್ರ ಮಾರಿತು, ಮೂರೇ ವರ್ಷಕ್ಕೆ ಆಲ್ಫಾ ತಂದಿತು. ಅಂದರೆ ಒಂದೇ ಕಂಪನಿ, ಕೆಲವೇ ವರ್ಷಗಳಲ್ಲಿ ಮೂರು ಕಟ್ಟಳೆ. ‘ಡಿಇಸಿ ತನ್ನ ವಿನ್ಯಾಸ ಬದಲಿಸಿತು’ ಎಂದು ಬರೆದರೆ ಓದುಗನಿಗೆ ಹೊಸ ಮಾದರಿ ಬಂತು ಅಂತಷ್ಟೇ ಅನಿಸುತ್ತದೆ. ನಿಜವಾಗಿ ಆದದ್ದು ಅದಕ್ಕಿಂತ ದೊಡ್ಡ ಪೆಟ್ಟು. ಗ್ರಾಹಕರ ಹಳೆ ಪ್ರೋಗ್ರಾಂಗಳು ಹೊಸ ಯಂತ್ರದಲ್ಲಿ ನೇರವಾಗಿ ಓಡುವುದಿಲ್ಲ. ಸಾಫ್ಟ್‌ವೇರ್ ಮಾರುವವರು ಮತ್ತೆ ಕಂಪೈಲ್ ಮಾಡಬೇಕು, ಮತ್ತೆ ಪರೀಕ್ಷೆ ಮಾಡಬೇಕು. ‘ಕಟ್ಟಳೆ ಬದಲಿಸಿತು’ ಅಂದರೆ ಆ ಭಾರ ತಕ್ಷಣ ಗೊತ್ತಾಗುತ್ತದೆ ಅಲ್ವಾ?

ಇದರ ಎದುರುಮುಖ ಸ್ಪಾರ್ಕ್‌ನಲ್ಲಿದೆ. ಸನ್ ಅದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಬೇರೆಯವರಿಗೂ ಕೊಟ್ಟಿತು. ಮೊದಲ ಸ್ಪಾರ್ಕ್ ಚಿಪ್ಪನ್ನು ತಯಾರಿಸಿದ್ದು ಫುಜಿತ್ಸು. ಆಮೇಲೆ ಸೈಪ್ರೆಸ್, ಎಲ್‌ಎಸ್‌ಐ ಲಾಜಿಕ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಲ್ಲ ಮಾಡಿದರು. 1994ರಲ್ಲಿ ಸ್ಪಾರ್ಕ್‌ನ ಎಂಟನೇ ಆವೃತ್ತಿಯ ಮೇಲೆ ಐಇಇಇ 1754 ಎಂಬ ಮಾನದಂಡವೇ ಬಂತು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅದೇ ಎಂಟನೇ ಆವೃತ್ತಿಗೆ ಲಿಯಾನ್ ಎಂಬ ತನ್ನದೇ ಪ್ರೊಸೆಸರ್ ರೂಪಿಸಿತು. ಒಂದೇ ಬರಹದ ನೇಮ, ಹತ್ತಾರು ಕೈಗಳ ಚಿಪ್ಪು. ಇದಕ್ಕೆ ‘ರಚನೆ’ ಅನ್ನಲು ಆಗುವುದಿಲ್ಲ, ಯಾಕೆಂದರೆ ಆ ಚಿಪ್ಪುಗಳ ರಚನೆ ಒಂದಕ್ಕೊಂದು ಸಂಬಂಧವೇ ಇಲ್ಲ.

ವಿನ್ಯಾಸದ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ನಾನೇ ಮುಂದಿಡುತ್ತೇನೆ. ನಾವೆಲ್ಲ ‘ಕೀಲಿಮಣೆ ವಿನ್ಯಾಸ’ ಅನ್ನುತ್ತೇವೆ. ಕೆ.ಪಿ. ರಾಯರ ವಿನ್ಯಾಸದ ಮೇಲೆ ನಿಂತ ಕ.ಗ.ಪ. (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಕಲಿತವರ ಬೆರಳು ಯಾವ ಕಂಪನಿಯ ಕೀಬೋರ್ಡ್ ಕೊಟ್ಟರೂ ಓಡುತ್ತದೆ. ಕೀಲಿಯ ಕೆಳಗೆ ಸ್ಪ್ರಿಂಗ್ ಇದೆಯೋ ರಬ್ಬರ್ ಇದೆಯೋ ಬೆರಳಿಗೆ ಸಂಬಂಧ ಇಲ್ಲ. ಅಲ್ಲಿ ‘ವಿನ್ಯಾಸ’ ಅಂದರೆ ಒಪ್ಪಿದ ನೇಮವೇ ಹೊರತು ಒಳಗಿನ ಕಟ್ಟೋಣ ಅಲ್ಲ. ಆರ್ಕಿಟೆಕ್ಚರ್ ಕೂಡ ಥೇಟ್ ಹಾಗೇ, ಪ್ರೋಗ್ರಾಂ ಬೆರಳಿನ ಜಾಗದಲ್ಲಿದೆ ಅಷ್ಟೇ. ಹಾಗಿದ್ದ ಮೇಲೆ ವಿನ್ಯಾಸವೇ ಸಾಕಲ್ಲ ಎಂದು ಕೇಳಬಹುದು. ತೊಂದರೆ ಏನೆಂದರೆ ಚಿಪ್ಪಿನ ಲೋಕದಲ್ಲಿ ‘ಡಿಸೈನ್’ ಅನ್ನೋ ಪದವೂ ಬೇಕು. ಚಿಪ್ ವಿನ್ಯಾಸ, ವಿನ್ಯಾಸಕಾರರು, ವಿನ್ಯಾಸದ ಸಾಫ್ಟ್‌ವೇರ್. ಒಂದೇ ಪ್ಯಾರಾದಲ್ಲಿ ಎರಡೂ ಬಂದರೆ ‘ವಿನ್ಯಾಸದ ವಿನ್ಯಾಸ’ ಆಗಿಬಿಡುತ್ತದೆ.

ಈಗ ಸ್ವಲ್ಪ ಒಳಗೆ ಇಳಿದು ನೋಡೋಣ. ಕಟ್ಟಳೆಗೂ ಒಳವಿನ್ಯಾಸಕ್ಕೂ ನಡುವಿನ ಗೆರೆ ಎಷ್ಟು ಮುಖ್ಯ ಅನ್ನೋದು ಇಲ್ಲಿ ಕಾಣುತ್ತದೆ.

ಮಿಪ್ಸ್ ಮತ್ತು ಸ್ಪಾರ್ಕ್ ಎರಡರಲ್ಲೂ ‘ಬ್ರಾಂಚ್ ಡಿಲೇ ಸ್ಲಾಟ್’ ಅನ್ನೋದು ಇದೆ. ಪ್ರೋಗ್ರಾಮಿನಲ್ಲಿ ‘ಅಲ್ಲಿಗೆ ಜಿಗಿ’ ಎಂಬ ಆದೇಶ ಬಂತು ಅಂತಿಟ್ಟುಕೊಳ್ಳಿ. ಆ ಹೊತ್ತಿಗೆ ಅದರ ಮುಂದಿನ ಆದೇಶ ಆಗಲೇ ಪೈಪ್‌ಲೈನ್ (ಆದೇಶಗಳು ಒಂದರ ಹಿಂದೆ ಒಂದು ಹಂತ ಹಂತವಾಗಿ ಸಾಗುವ ಸಾಲು) ಒಳಗೆ ಹೊಕ್ಕಿರುತ್ತದೆ. ಅದನ್ನು ಎತ್ತಿ ಬಿಸಾಡಿದರೆ ಒಂದು ಸುತ್ತು ಹಾಳು. ಅದಕ್ಕೇ ಆ ಕಟ್ಟಳೆ ರೂಪಿಸಿದವರು ಹೇಳಿದರು: ಜಿಗಿಯುವ ಮುಂಚೆ ಪಕ್ಕದ ಆ ಒಂದು ಆದೇಶವನ್ನು ನಡೆಸಿಯೇ ಜಿಗಿಯುತ್ತೇವೆ, ಅಲ್ಲಿ ಉಪಯೋಗದ ಕೆಲಸ ತುಂಬುವುದು ಕಂಪೈಲರ್ ಜವಾಬ್ದಾರಿ. ಆಗಿನ ನಾಲ್ಕೈದು ಹಂತದ ಪೈಪ್‌ಲೈನ್‌ಗೆ ಇದು ಲೆಕ್ಕ ಹಾಕಿ ಹೊಲಿದ ಅಂಗಿಯ ಹಾಗಿತ್ತು. ಆದರೆ ಅದು ಒಳಗಿನ ಗುಟ್ಟಾಗಿ ಉಳಿಯಲಿಲ್ಲ. ಪ್ರೋಗ್ರಾಂಗಳೆಲ್ಲ ಅದನ್ನು ನಂಬಿ ಬರೆಯಲ್ಪಟ್ಟವು, ಹಾಗಾಗಿ ಕಟ್ಟಳೆಯೊಳಗೆ ಸೇರಿತು. 1991ರ ಮಿಪ್ಸ್ ಆರ್4000ದಲ್ಲಿ ಪೈಪ್‌ಲೈನ್ ಎಂಟು ಹಂತಕ್ಕೆ ಬೆಳೆಯಿತು, ಒಂದು ಆದೇಶದ ಜಾಗ ಅಲ್ಲಿ ಸಾಲದು. ಆದರೂ ಆ ಒಂದು ಜಾಗವನ್ನು ಕಾಯಲೇಬೇಕು, ಯಾಕೆಂದರೆ ಹಳೆ ಪ್ರೋಗ್ರಾಂಗಳು ಅದನ್ನೇ ನಂಬಿಕೊಂಡಿವೆ. ಆಲ್ಫಾ ಮಾಡಿದವರು ಇದನ್ನು ನೋಡಿ ಕಲಿತು ಡಿಲೇ ಸ್ಲಾಟನ್ನೇ ಕೈಬಿಟ್ಟರು. ದಶಕಗಳ ಕಾಲ ಬಾಳಬೇಕಾದ ಕಟ್ಟಳೆಯಲ್ಲಿ ಇವತ್ತಿನ ಚಿಪ್ಪಿನ ಅನುಕೂಲ ಬರೆದಿಡಬಾರದು ಅನ್ನೋದು ಅವರ ಲೆಕ್ಕ.

ಈ ಪ್ಯಾರಾವನ್ನು ‘ರಚನೆ’ ಪದ ಇಟ್ಟುಕೊಂಡು ಬರೆಯಲು ನೋಡಿ. ‘ರಚನೆಯ ಗುಟ್ಟು ರಚನೆಯೊಳಗೆ ಸೇರಿತು’ ಆಗುತ್ತದೆ. ಅರ್ಥವೇ ಹಾರಿಹೋಗುತ್ತದೆ.

ಇನ್ನೊಂದು ವಿಷಯ ಇನ್ನೂ ಸೂಕ್ಷ್ಮ. ಅದನ್ನು ಕಟ್ಟಳೆ ಅನ್ನೋ ಪದ ಹೊರುತ್ತದೋ ಇಲ್ಲವೋ ನನಗೆ ನಿಮ್ಮ ತೀರ್ಪು ಬೇಕು. ಸಿಲಿಕಾನ್ ಗ್ರಾಫಿಕ್ಸ್ ಯಂತ್ರದಲ್ಲೂ ಮಿಪ್ಸ್, ಡಿಇಸಿಸ್ಟೇಷನ್‌ನಲ್ಲೂ ಮಿಪ್ಸ್. ಹಾಗಾದರೆ ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ಓಡಬೇಕಿತ್ತು, ಆದರೆ ಓಡುತ್ತಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಬೇರೆ ಅನ್ನೋದು ಒಂದು ಕಾರಣ. ಅದಕ್ಕಿಂತ ಆಳದ ಕಾರಣ, ಬೈಟುಗಳ ಸಾಲು. ಮಿಪ್ಸ್ ಪ್ರೊಸೆಸರ್ ಎರಡು ರೀತಿಯಲ್ಲೂ ನಡೆಯಬಲ್ಲದು. ಸಿಲಿಕಾನ್ ಗ್ರಾಫಿಕ್ಸ್ ದೊಡ್ಡ ತುದಿಯನ್ನು ಮೊದಲು ಇಡುವ ರೀತಿ ಆರಿಸಿತು. ಡಿಇಸಿ ತನ್ನ ವ್ಯಾಕ್ಸ್ ಜೊತೆ ಹೊಂದಲಿ ಎಂದು ಸಣ್ಣ ತುದಿ ಮೊದಲು ಇಡುವ ರೀತಿ ಆರಿಸಿತು.

ನಮ್ಮ ಅಕ್ಷರದಲ್ಲೇ ನೋಡಿ. ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಎರಡು ಬೈಟುಗಳಲ್ಲಿ ಇಟ್ಟರೆ ಅದು 12 ಮತ್ತು 149 ಆಗುತ್ತದೆ, 12ನ್ನು 256ರಿಂದ ಗುಣಿಸಿ 149 ಕೂಡಿಸಿದರೆ 3221. ದೊಡ್ಡ ತುದಿ ಮೊದಲು ಇಡುವ ಯಂತ್ರ ಇದನ್ನು 12, 149 ಎಂದು ಬರೆಯುತ್ತದೆ. ಸಣ್ಣ ತುದಿಯ ಯಂತ್ರ 149, 12 ಎಂದು ಬರೆಯುತ್ತದೆ. ಒಂದು ಬರೆದದ್ದನ್ನು ಇನ್ನೊಂದು ಎಚ್ಚರ ಇಲ್ಲದೆ ಓದಿದರೆ 38156 ಬರುತ್ತದೆ, ಅದು ಚೀನೀ ಲಿಪಿಯ ಒಂದು ಅಕ್ಷರ. ಕನ್ನಡದ ಕಡತ ತೆರೆದಾಗ ಚೀನೀ ಅಕ್ಷರ ಕಂಡರೆ ಕಾರಣ ಇದೂ ಇರಬಹುದು. ಈ ಎರಡು ರೀತಿಗಳಿಗೆ ‘ಹಿರಿತುದಿ’, ‘ಕಿರಿತುದಿ’ ಎಂದು ಬರೆದಿದ್ದೇನೆ. ನನಗೆ ಹಿಡಿಸಿದೆ. ಆದರೆ ಪ್ರಶ್ನೆ ಬೇರೆ: ಎರಡೂ ಯಂತ್ರ ‘ಒಂದೇ ಕಟ್ಟಳೆ’ ಎಂದು ನಾನು ಬರೆದರೆ, ಓದುಗ ‘ಹಾಗಾದರೆ ಯಾಕೆ ಓಡಲಿಲ್ಲ’ ಎಂದು ಕೇಳುವುದು ನ್ಯಾಯ. ಮಿಪ್ಸ್ ಕಟ್ಟಳೆಯಲ್ಲೇ ಎರಡು ಕವಲು ಇದ್ದವು ಅನ್ನಬೇಕೇ? ‘ಕವಲು’ ಪದ ಸರಿಯೇ?

ಮಿಪ್ಸ್ ಅನ್ನೋ ಹೆಸರಿನದೇ ಇನ್ನೊಂದು ತಾಪತ್ರಯ. ಅದು ಕಂಪನಿಯ ಹೆಸರು, ಕಟ್ಟಳೆಯ ಹೆಸರು, ಜೊತೆಗೆ ಸೆಕೆಂಡಿಗೆ ಎಷ್ಟು ಮಿಲಿಯನ್ ಆದೇಶ ಎಂಬ ವೇಗದ ಅಳತೆಯೂ ಹೌದು. 1989ರ ಸ್ಪಾರ್ಕ್‌ಸ್ಟೇಷನ್ 1ರ ವೇಗ 12.5 ಮಿಪ್ಸ್ ಎಂದು ಬರೆದ ಕೂಡಲೇ, ಸ್ಪಾರ್ಕ್ ಯಂತ್ರದಲ್ಲಿ ಮಿಪ್ಸ್ ಎಲ್ಲಿಂದ ಬಂತು ಅಂತ ಓದುಗ ತಡವರಿಸುತ್ತಾನೆ. ಅಳತೆಗೆ ‘12.5 ಮಿಲಿಯನ್ ಆದೇಶ’ ಎಂದೇ ಬಿಡಿಸಿ ಬರೆಯುತ್ತಿದ್ದೇನೆ.

ಈಗ ಕಥೆಯ ಮುಖ್ಯ ತಿರುವು. ನನ್ನ ಪ್ರಕಾರ ಪದ ಆರಿಸುವಾಗ ಇದೇ ದೊಡ್ಡ ಪರೀಕ್ಷೆ.

1995ರ ನವೆಂಬರಿನಲ್ಲಿ ಇಂಟೆಲ್ ಪೆಂಟಿಯಂ ಪ್ರೊ ಬಿಡುಗಡೆ ಮಾಡಿತು. ಅಲ್ಲಿಯವರೆಗೆ ವರ್ಕ್‌ಸ್ಟೇಷನ್ ಜನ ಇಂಟೆಲ್‌ನ ಎಕ್ಸ್86 ಕಟ್ಟಳೆಯನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅದರ ಆದೇಶಗಳು ಒಂದೊಂದು ಒಂದೊಂದು ಉದ್ದ, ರಿಜಿಸ್ಟರ್‌ಗಳು (ಪ್ರೊಸೆಸರ್ ಒಳಗೇ ಸಂಖ್ಯೆ ಇಟ್ಟುಕೊಳ್ಳುವ ಜಾಗಗಳು) ಕಡಿಮೆ, ಎಲ್ಲ 1978ರ 8086ರಿಂದ ಬಂದ ಪಿತ್ರಾರ್ಜಿತ. ರಿಸ್ಕ್ ಪಂಗಡದವರು ಹೇಳುತ್ತಿದ್ದ ಮಾತು ಒಂದೇ: ಇಂಥ ಕಟ್ಟಳೆಯಿಂದ ವೇಗ ಬರಲು ಸಾಧ್ಯವಿಲ್ಲ. ಇಂಟೆಲ್ ಕಟ್ಟಳೆಯನ್ನು ಮುಟ್ಟಲಿಲ್ಲ. ಪ್ರತಿ ಎಕ್ಸ್86 ಆದೇಶವನ್ನೂ ಚಿಪ್ಪಿನೊಳಗೇ ಸಣ್ಣ ಸಣ್ಣ ಸರಳ ಆದೇಶಗಳಾಗಿ ಒಡೆಯಿತು. ಆಮೇಲೆ ಅವನ್ನು ಸಾಲು ತಪ್ಪಿಸಿ, ಯಾವುದು ಸಿದ್ಧವಿದೆಯೋ ಅದನ್ನು ಮೊದಲು ನಡೆಸಿ, ಕೊನೆಗೆ ಫಲವನ್ನು ಮತ್ತೆ ಸಾಲಿಗೆ ಜೋಡಿಸಿ ಹೊರಬಿಟ್ಟಿತು. ಒಳಗಿನದ್ದು ರಿಸ್ಕ್ ತರಹದ ಯಂತ್ರ, ಹೊರಗಿನ ಮಾತು ಹಳೆಯದೇ. ಪೂರ್ಣಾಂಕದ ಲೆಕ್ಕ ಅಳೆಯುವ ಸ್ಪೆಕ್ ಪರೀಕ್ಷೆಯಲ್ಲಿ 200 ಮೆಗಾಹರ್ಟ್ಸ್‌ನ ಪೆಂಟಿಯಂ ಪ್ರೊ ಸ್ವಲ್ಪ ಕಾಲ ಎಲ್ಲರಿಗಿಂತ ಮುಂದೆ ನಿಂತಿತು. ದಶಮಾಂಶದ ಲೆಕ್ಕದಲ್ಲಿ ರಿಸ್ಕ್ ಯಂತ್ರಗಳೇ ಮುಂದಿದ್ದವು, ಆದರೆ ಬೆಲೆ ನೋಡಿದವರಿಗೆ ಮುಂದೇನು ಅಂತ ಹೊಳೆಯಿತು.

‘ಇಂಟೆಲ್ ತನ್ನ ಆರ್ಕಿಟೆಕ್ಚರ್ ಉಳಿಸಿಕೊಂಡೇ ಮೈಕ್ರೋಆರ್ಕಿಟೆಕ್ಚರ್ ಬದಲಿಸಿತು’ ಅನ್ನೋದು ಈ ಇಡೀ ಕಥೆಯ ಬೆನ್ನೆಲುಬು. ಇದನ್ನು ‘ರಚನೆ ಉಳಿಸಿಕೊಂಡು ಸೂಕ್ಷ್ಮರಚನೆ ಬದಲಿಸಿತು’ ಎಂದು ಬರೆದರೆ ಏನಾಗುತ್ತದೆ? ದೊಡ್ಡದು ಹಾಗೇ ಇತ್ತು, ಸಣ್ಣಪುಟ್ಟ ಬದಲಾವಣೆ ಆಯಿತು ಅನಿಸುತ್ತದೆ. ನಿಜ ಅದಲ್ಲ. ಬದಲಾದದ್ದು ಚಿಪ್ಪಿನ ಒಳಗೆಲ್ಲ, ಉಳಿದದ್ದು ಮಾತು ಕೊಟ್ಟ ನೇಮ ಒಂದೇ. ‘ಕಟ್ಟಳೆ ಉಳಿಸಿಕೊಂಡೇ ಒಳವಿನ್ಯಾಸವನ್ನು ಪೂರ್ತಿ ಹೊಸದಾಗಿ ಮಾಡಿತು’ ಅಂದರೆ ಸರಿಯಾಗಿ ಕೂರುತ್ತದೆ. ನಾನು ಈ ಪದದ ಬಗ್ಗೆ ಇಷ್ಟು ಹಟ ಹಿಡಿದಿರುವುದು ಈ ಒಂದು ವಾಕ್ಯಕ್ಕಾಗಿ.

ಅಲ್ಲಿಂದ ಮುಂದಿನದು ಬೇಗ ಹೇಳಿ ಮುಗಿಸಬಹುದು. 1993ರ ವಿಂಡೋಸ್ ಎನ್‌ಟಿ ಎಕ್ಸ್86, ಮಿಪ್ಸ್, ಆಲ್ಫಾ ಮೂರರಲ್ಲೂ ಓಡುತ್ತಿತ್ತು. ಆದರೆ ಸಾಫ್ಟ್‌ವೇರ್ ಕಂಪನಿಗಳು ಬರೆದದ್ದು ಜಾಸ್ತಿ ಎಕ್ಸ್86ಗೆ. ಡಿಇಸಿ 1996ರಲ್ಲಿ ಎಫ್‌ಎಕ್ಸ್!32 ಎಂಬ ಉಪಾಯ ತಂದಿತು, ಅದು ಎಕ್ಸ್86 ಪ್ರೋಗ್ರಾಂಗಳನ್ನು ಆಲ್ಫಾ ಆದೇಶಗಳಿಗೆ ತಿರುಗಿಸಿ ಓಡಿಸುತ್ತಿತ್ತು. ತುಂಬ ಜಾಣ ಕೆಲಸ. ಆದರೂ ಆಲ್ಫಾ ಉಳಿಯಲಿಲ್ಲ. 1998ರಲ್ಲಿ ಡಿಇಸಿಯನ್ನು ಕಾಂಪ್ಯಾಕ್ ಕೊಂಡಿತು, 2001ರಲ್ಲಿ ಆಲ್ಫಾ ಬಿಟ್ಟು ಐಟೇನಿಯಂ ಕಡೆ ಹೋಗುವುದಾಗಿ ಹೇಳಿತು. ಆ ಐಟೇನಿಯಂ ಇಂಟೆಲ್ ಮತ್ತು ಎಚ್‌ಪಿ 1994ರಿಂದ ಜೊತೆಗೂಡಿ ಕಟ್ಟಿದ ಹೊಸ ಕಟ್ಟಳೆ. 2001ರಲ್ಲಿ ಬಂತು, 2004ರಲ್ಲೇ ಎಚ್‌ಪಿ ಐಟೇನಿಯಂ ವರ್ಕ್‌ಸ್ಟೇಷನ್ ನಿಲ್ಲಿಸಿತು. ಅದಕ್ಕೆ ಮುಳುವಾದದ್ದು ಎಎಂಡಿ ಕಂಪನಿ 2003ರಲ್ಲಿ ತಂದ ಆಪ್ಟೆರಾನ್ ಪ್ರೊಸೆಸರ್. ಎಎಂಡಿ ಹೊಸ ಕಟ್ಟಳೆ ಬರೆಯಲಿಲ್ಲ, ಎಕ್ಸ್86ನ್ನೇ 64 ಬಿಟ್‌ಗೆ ಹಿಗ್ಗಿಸಿತು. ಮಾರನೇ ವರ್ಷ ಇಂಟೆಲ್ ಕೂಡ ಅದನ್ನೇ ಒಪ್ಪಿಕೊಂಡಿತು, ಸನ್ ಕೂಡ ಆಪ್ಟೆರಾನ್ ವರ್ಕ್‌ಸ್ಟೇಷನ್ ಮಾರತೊಡಗಿತು. ಸಿಲಿಕಾನ್ ಗ್ರಾಫಿಕ್ಸ್‌ನ ಮಿಪ್ಸ್ ಯಂತ್ರಗಳು 2006ರ ಕೊನೆಗೆ ನಿಂತವು. ಸನ್ ಅನ್ನು 2010ರಲ್ಲಿ ಒರಾಕಲ್ ಕೊಂಡಿತು.

ಇಲ್ಲಿ ಒಂದು ಬಳಕೆಯ ಪ್ರಶ್ನೆ. ‘ಹಿಗ್ಗಿಸಿತು’ ಅಂದರೆ ಸರಿಯೇ, ‘ವಿಸ್ತರಿಸಿತು’ ಬೇಕೇ? ಕಟ್ಟಳೆಯನ್ನು ಹಿಗ್ಗಿಸುವುದು ಅಂದರೆ ಸಡಿಲ ಬಿಡುವುದು ಎಂದು ಕೆಲವರಿಗೆ ಕೇಳಿಸಬಹುದು. ‘ಬೆಳೆಸಿತು’ ಅಂದರೆ ಹೇಗೆ?

ರಿಸ್ಕ್ ಅನ್ನೋ ಹೆಸರನ್ನು ಬಿಡಿಸುವಾಗಲೂ ಎಡವಟ್ಟು ಇದೆ. ‘ಕಡಿಮೆ ಆದೇಶಗಳ ಗುಂಪು’ ಎಂದು ಎಲ್ಲರೂ ಬರೆಯುತ್ತಾರೆ. ಹಾಗೆಂದರೆ ಎಣಿಕೆಯಲ್ಲಿ ಕಡಿಮೆ ಎಂದಾಯಿತು. ಆದರೆ ಐಬಿಎಂನ ಪವರ್‌ನಲ್ಲಿ ಆದೇಶಗಳ ಎಣಿಕೆ ಏನೂ ಕಡಿಮೆ ಇರಲಿಲ್ಲ, ಆದರೂ ಅದು ರಿಸ್ಕ್. ಕಡಿಮೆಯಾಗಬೇಕಿದ್ದದ್ದು ಒಂದೊಂದು ಆದೇಶ ಮಾಡುವ ಕೆಲಸ. ಮೆಮೊರಿಯಿಂದ ತರುವುದು ಒಂದು ಆದೇಶ, ಕೂಡುವುದು ಇನ್ನೊಂದು, ವಾಪಸ್ ಇಡುವುದು ಮತ್ತೊಂದು. ಮೂರನ್ನೂ ಒಂದರಲ್ಲೇ ತುರುಕುವಂತಿಲ್ಲ. ಅದಕ್ಕೇ ‘ಸರಳ ಆದೇಶಗಳ ಕಟ್ಟಳೆ’ ಎಂದು ಬರೆದಿದ್ದೇನೆ. ಅಕ್ಷರಕ್ಕೆ ಅಕ್ಷರ ಹೊಂದುವುದಿಲ್ಲ, ವಿಷಯಕ್ಕೆ ಹೊಂದುತ್ತದೆ.

ಇನ್‌ಸ್ಟ್ರಕ್ಷನ್‌ಗೆ ‘ಆದೇಶ’ ಇಟ್ಟಿದ್ದೇನೆ. ‘ಸೂಚನೆ’ ಪಠ್ಯಪುಸ್ತಕಗಳಲ್ಲಿದೆ, ಆದರೆ ಸೂಚನೆಯನ್ನು ಕೇಳದೆಯೂ ಇರಬಹುದು, ಪ್ರೊಸೆಸರ್‌ಗೆ ಆ ಆಯ್ಕೆ ಇಲ್ಲ. ‘ಆಣತಿ’ ಚೆಂದ, ಸ್ವಲ್ಪ ಹಳಗನ್ನಡದ ಗಾಳಿ. ವರ್ಕ್‌ಸ್ಟೇಷನ್ ಅನ್ನು ಹಾಗೇ ಬಿಟ್ಟಿದ್ದೇನೆ. ‘ಕಾರ್ಯಸ್ಥಾನ’ ಅಂದರೆ ಕಚೇರಿಯಲ್ಲಿ ಕೂರುವ ಜಾಗ ಅನಿಸುತ್ತದೆ. ಪ್ರೊಸೆಸರ್ ಕೂಡ ಹಾಗೇ ಇರಲಿ, ‘ಸಂಸ್ಕಾರಕ’ ನನ್ನ ಕೈಗೆ ಹತ್ತುವುದಿಲ್ಲ.

ಆಡುಮಾತಿನ ಬಗ್ಗೆ ಬಲ್ಲವರಿಂದ ಕೇಳಬೇಕಾದ್ದೂ ಇದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದಿತ್ತು. 90ರ ದಶಕದಲ್ಲಿ ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಬಹುಪಾಲು ಓಡುತ್ತಿದ್ದದ್ದು ಇದೇ ಸನ್, ಎಚ್‌ಪಿ ಯಂತ್ರಗಳಲ್ಲಿ. ಪುಣೆಯ ಸಿ-ಡ್ಯಾಕ್ 1998ರಲ್ಲಿ ಕಟ್ಟಿದ ಪರಮ್ 10000 ಸೂಪರ್‌ಕಂಪ್ಯೂಟರ್ ಒಳಗೂ ಅಲ್ಟ್ರಾಸ್ಪಾರ್ಕ್ ಇತ್ತು. ಅಂಥ ಕಡೆ ಕೆಲಸ ಮಾಡಿದ ಕನ್ನಡಿಗರು ನಮ್ಮ ಗುಂಪಿನಲ್ಲಿ ಖಂಡಿತ ಇದ್ದೀರಿ. ಆಗ ನೀವು ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಮಾತಾಡುವಾಗ ‘ಈ ಟೂಲು ಸ್ಪಾರ್ಕ್ ಮೇಲೆ ಓಡುತ್ತೆ’ ಅನ್ನುತ್ತಿದ್ದಿರೋ, ‘ಸ್ಪಾರ್ಕಲ್ಲಿ ಓಡುತ್ತೆ’ ಅನ್ನುತ್ತಿದ್ದಿರೋ? ‘ಮೇಲೆ’ ಇಂಗ್ಲಿಷಿನಿಂದ ನುಸುಳಿದ್ದು ಅಂತ ನನ್ನ ಅನುಮಾನ, ಅದಕ್ಕೇ ಲೇಖನದ ತುಂಬ ‘ಯಂತ್ರದಲ್ಲಿ ಓಡುತ್ತದೆ’ ಎಂದೇ ಬರೆದಿದ್ದೇನೆ. ಪೋರ್ಟ್ ಮಾಡುವುದಕ್ಕೆ, ಅಂದರೆ ಒಂದು ಕಟ್ಟಳೆಯ ಸಾಫ್ಟ್‌ವೇರನ್ನು ಇನ್ನೊಂದಕ್ಕೆ ಹೊಂದಿಸುವುದಕ್ಕೆ, ಏನನ್ನುತ್ತಿದ್ದಿರಿ? ‘ಒಗ್ಗಿಸು’ ಅನ್ನೋದು ನನಗೆ ಇಷ್ಟ: ‘ಸಾಫ್ಟ್‌ವೇರನ್ನು ಆಲ್ಫಾಗೆ ಒಗ್ಗಿಸಿದರು.’

ಕಟ್ಟಳೆಗೆ ಬರಬಹುದಾದ ಆಕ್ಷೇಪ ನನಗೆ ಕಾಣುವುದು ಎರಡು. ಒಂದು, ಅದಕ್ಕೆ ಕಾನೂನಿನ ವಾಸನೆ ಇದೆ. ‘ಪ್ರೊಸೆಸರ್ ಕಟ್ಟಳೆ’ ಅಂದರೆ ಸರ್ಕಾರ ಚಿಪ್ಪುಗಳ ಮೇಲೆ ಹಾಕಿದ ನಿಯಮ ಎಂದು ಯಾರಾದರೂ ಓದಿಕೊಳ್ಳಬಹುದು. ಇದಕ್ಕೆ ‘ಆದೇಶ ಕಟ್ಟಳೆ’ ಎಂದು ಮೊದಲ ಸಲ ಬಿಡಿಸಿ ಬರೆದು, ಆಮೇಲೆ ಬರೀ ಕಟ್ಟಳೆ ಎಂದು ಬಳಸುವುದು ನನ್ನ ಉಪಾಯ. ಎರಡನೆಯದು ಕಷ್ಟದ್ದು. ಆರ್ಕಿಟೆಕ್ಟ್ ಅನ್ನೋ ಮನುಷ್ಯನಿಗೆ ಏನನ್ನೋಣ? ‘ಕಟ್ಟಳೆಗಾರ’ ಅಂದರೆ ನಗು ಬರುತ್ತದೆ. ‘ಕಟ್ಟಳೆ ರೂಪಿಸಿದವರು’ ಎಂದು ಸುತ್ತಿ ಹೇಳುತ್ತಿದ್ದೇನೆ. ‘ಒಡಂಬಡಿಕೆ’ ಎಂಬ ಪದವನ್ನೂ ಯೋಚಿಸಿದೆ. ಅರ್ಥಕ್ಕೆ ಇನ್ನೂ ಹತ್ತಿರ, ಯಾಕೆಂದರೆ ಆರ್ಕಿಟೆಕ್ಚರ್ ಅಂದರೆ ಚಿಪ್ಪಿಗೂ ಪ್ರೋಗ್ರಾಮಿಗೂ ನಡುವಿನ ಕರಾರು ತಾನೇ. ಆದರೆ ‘ಒಡಂಬಡಿಕೆಗಳ ನಡುವಿನ ಪೈಪೋಟಿ’ ಅಂದರೆ ನಾಲಿಗೆ ಹೊರಳುವುದಿಲ್ಲ, ಕ್ರೈಸ್ತರ ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆಯ ನೆನಪೂ ಬರುತ್ತದೆ.

ಈ ಪದ ಬೇಗ ಇತ್ಯರ್ಥವಾಗಬೇಕು ಅನ್ನಲು ಇನ್ನೊಂದು ಕಾರಣ ಇದೆ. ಕಟ್ಟಳೆಗಳ ಪೈಪೋಟಿ ಮತ್ತೆ ಶುರುವಾಗಿದೆ. 2020ರಲ್ಲಿ ಆಪಲ್ ಇಂಟೆಲ್ ಬಿಟ್ಟು ಆರ್ಮ್ ಕಟ್ಟಳೆಯ ಎಂ1 ತಂದಿತು, 2023ರಲ್ಲಿ ಅದರ ಮ್ಯಾಕ್ ಪ್ರೊ ವರ್ಕ್‌ಸ್ಟೇಷನ್ ಕೂಡ ಆರ್ಮ್‌ಗೆ ಬಂತು. ಬರ್ಕ್ಲಿಯಲ್ಲೇ 2010ರಲ್ಲಿ ಹುಟ್ಟಿದ ರಿಸ್ಕ್-ವಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಕಟ್ಟಳೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಅದರದ್ದೇ. ಪತ್ರಿಕೆಗಳಲ್ಲಿ ‘ಭಾರತದ್ದೇ ಪ್ರೊಸೆಸರ್’ ಎಂದು ಬರುವಾಗ ಭಾರತದ್ದು ಯಾವುದು, ಎಲ್ಲರದ್ದು ಯಾವುದು ಅನ್ನೋದು ತಿಳಿಯುವುದೇ ಇಲ್ಲ. ಕಟ್ಟಳೆ ಎಲ್ಲರದ್ದು, ಒಳವಿನ್ಯಾಸ ನಮ್ಮದು. ಎರಡಕ್ಕೂ ಬೇರೆ ಬೇರೆ ಪದ ಇದ್ದರೆ ಇಷ್ಟನ್ನು ಒಂದೇ ಸಾಲಿನಲ್ಲಿ ಹೇಳಬಹುದು.

ಪದಗಳನ್ನು ತೂಗಿ ನೋಡಲು ಕೆಳಗೆ ಎರಡು ವಾಕ್ಯ ಕೊಟ್ಟಿದ್ದೇನೆ. ಗೆರೆ ಇರುವ ಕಡೆ ನಿಮಗೆ ಸರಿ ಕಂಡ ಪದ ಹಾಕಿ ಕಳಿಸಿ. ಎರಡೂ ವಾಕ್ಯಕ್ಕೆ ಒಗ್ಗುವ ಜೋಡಿ ಬೇಕು, ಒಂದಕ್ಕೆ ಮಾತ್ರ ಒಗ್ಗಿದರೆ ಸಾಲದು.

‘ಫುಜಿತ್ಸು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎರಡೂ ಸ್ಪಾರ್ಕ್ ____ಗೆ ಚಿಪ್ಪು ಮಾಡಿದವು, ಆದರೆ ಅವುಗಳ ____ ಬೇರೆ ಬೇರೆ.’

‘ಪೆಂಟಿಯಂ ಪ್ರೊನಲ್ಲಿ ಇಂಟೆಲ್ ____ ಬದಲಿಸಿತು, ____ ಬದಲಿಸಲಿಲ್ಲ, ಹಳೆ ಪ್ರೋಗ್ರಾಂಗಳು ಹಾಗೇ ಓಡಿದವು.’